ಅವರು ಹಾಕಿಸಿದ ಟೈರು

ಮಾರ್ಚ್ ೪, ಮಂಗಳವಾರ

ಇಂದು ಈ ಮನೆಯಲ್ಲಿ ನನಗೆ ಮೊದಲ ಪಾತ್ರ ಸಿಕ್ಕಿತು. ಮದುವೆಯಾಗಿ ಎರಡು ವರ್ಷ ಪರದೆಯ ಪಕ್ಕದಲ್ಲಿ ನಿಂತೇ ಕಳೆದವನಿಗೆ ಕೊನೆಗೂ ಕರೆ ಬಂತು. ಯಾವ ಪಾತ್ರ? ಟೈರು ಆರಿಸುವವನ ಪಾತ್ರ.

ಟೈರು ಬೇಕಾಗಿರುವುದು ಐರಾವತಕ್ಕೆ. ನನ್ನ ಹೆಂಡತಿಯ ಮೊದಲ ಗಂಡ, ಆ ಪುಣ್ಯಾತ್ಮ, ಕೊಂಡ ಕಾರಿಗೆ ನಾನಿಟ್ಟ ಹೆಸರು ಅದು. ಕಡುಹಸಿರು ಬಣ್ಣ, ಚರ್ಮದ ಸೀಟು, ಮುಂದುಗಡೆ ಮಿರಮಿರ ಮಿಂಚುವ ಮರದ ಹಲಗೆ. ಬಾಗಿಲು ಹಾಕಿದರೆ ಅರಮನೆಯ ಖಜಾನೆ ಮುಚ್ಚಿದ ಸದ್ದು. ವಯಸ್ಸಾಗಿದೆ, ಠೀವಿ ಇಳಿದಿಲ್ಲ. ಅವನು ಸೇತುವೆ ಕಟ್ಟುವ ಎಂಜಿನಿಯರ್ ಆಗಿದ್ದನಂತೆ. ಸತ್ತು ಎಂಟು ವರ್ಷ. ನಾನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೂಗುವವನು. ಅದಕ್ಕೂ ಮೊದಲು ಅಪ್ಪನ ನಾಟಕ ಕಂಪನಿಯಲ್ಲಿ ಚಕ್ರವರ್ತಿಯಾಗಿದ್ದೆ. ಕಂಪನಿ ಮುಚ್ಚಿತು, ಕಿರೀಟ ಹರಾಜಾಯಿತು, ಗಂಟಲು ಮಾತ್ರ ಉಳಿಯಿತು.

ಅವನ ತಾಯಿ ನಮ್ಮ ಜೊತೆಗೇ ಇದ್ದಾರೆ. ನನ್ನ ಹೆಂಡತಿಗೆ ಅತ್ತೆ. ನನಗೆ ಏನಾಗಬೇಕು? ಯಾವ ನಿಘಂಟಿನಲ್ಲೂ ಉತ್ತರವಿಲ್ಲ. ಆದ್ದರಿಂದ ಈ ಪುಸ್ತಕದ ಮಟ್ಟಿಗೆ ರಾಜಮಾತೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇಪ್ಪತ್ತನೇ ತಾರೀಖು ಬೆಟ್ಟದಾಚೆಯ ಊರಿನ ಕಣ್ಣಾಸ್ಪತ್ರೆಯಲ್ಲಿ ಮೊದಲ ಕಣ್ಣಿನ ಆಪರೇಷನ್. ಹೋದರೆ ಮಗನ ಕಾರಿನಲ್ಲಿ, ಇಲ್ಲವಾದರೆ ಕುರುಡಿಯಾಗಿಯೇ ಇರುತ್ತೇನೆ ಎಂದು ರಾಜಾಜ್ಞೆ.

ಬೆಳಿಗ್ಗೆ ನನ್ನಾಕೆ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರು ಮುಟ್ಟಿ ನೋಡಿದಳು.

"ಪಕ್ಕದಲ್ಲೆಲ್ಲ ಬಿರುಕು ಬಿಟ್ಟಿದೆ ಕಣ್ರೀ. ಇದರಲ್ಲಿ ಅತ್ತೆನ ಕೂರಿಸ್ಕೊಂಡು ಬೆಟ್ಟ ಹತ್ತೋಕೆ ನಾನು ಒಪ್ಪಲ್ಲ. ನೀವೇ ಹೋಗಿ ಒಳ್ಳೇದು ನೋಡಿ ಹಾಕಿಸ್ಕೊಂಡು ಬನ್ನಿ."

ಜಗುಲಿಯ ಕುರ್ಚಿಯಿಂದ ರಾಜಮಾತೆಯ ದನಿ ಬಂತು. "ನನ್ನ ಮಗ ಹಾಕಿಸಿದ ಟೈರು ಬಿಚ್ಚಿಸ್ತಾರಂತಾ? ಅವರಿಗೆ ಹೇಳಮ್ಮ. ಅವನು ಆರಿಸಿದ್ದು ಅಂದ್ರೆ ಹತ್ತು ಸಲ ಯೋಚನೆ ಮಾಡಿ ಆರಿಸಿದ್ದು. ಅದನ್ನ ತೆಗೆದ್ರೆ ನಾನು ಗಾಡಿ ಹತ್ತಲ್ಲ."

ಅವರಿಗೆ ಹೇಳಮ್ಮ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಎರಡು ವರ್ಷದಿಂದ ಈ ತಾಯಿ ನನ್ನ ಜೊತೆ ದುಭಾಷಿಯ ಮೂಲಕವೇ ಮಾತಾಡುತ್ತಿದ್ದಾರೆ. ಹೆಂಡತಿಗೂ ಸತ್ತವನು ‘ಅವರು’. ಅವರು ಹಾಕಿಸಿದ ನಲ್ಲಿ, ಅವರು ನೆಟ್ಟ ಗಿಡ, ಅವರು ತಂದ ಗಡಿಯಾರ. ನಾನು ಈ ಮನೆಯಲ್ಲಿ ಹಾಕಿಸಿದ್ದು ಏನಿದೆ? ಒಂದು ಬಲ್ಬೂ ಇಲ್ಲ. ಬಲ್ಬು ಕೂಡ ಅವನು ಹಾಕಿಸಿದ್ದೇ ಇನ್ನೂ ಉರಿಯುತ್ತಿದೆ. ಅದರ ಜೊತೆಗೆ ನಾನೂ.

ಆದರೆ ಟೈರು ನನ್ನದಾಗಿರುತ್ತದೆ. ನಾಲ್ಕು ಚಕ್ರದ ಮೇಲೂ ನನ್ನ ಆಯ್ಕೆ ಕೂರುತ್ತದೆ. ಅದರ ಮೇಲೆ ಈ ಮನೆ ಉರುಳಲಿ.

ಮಾರ್ಚ್ ೬, ಗುರುವಾರ

ಟೈರಂಗಡಿಗೆ ಹೋಗಿದ್ದೆ, ಬಸ್ಸಿನಲ್ಲಿ. ಅಂಗಡಿಯವನು ಟೈರುಗಳ ಒಟ್ಟಿಲಿನ ಮೇಲೆ ಸಿಂಹಾಸನಕ್ಕೆ ಏರಿದ ಹಾಗೆ ಕೂತಿದ್ದ. ಎದ್ದೇಳಲಿಲ್ಲ. ಅಳತೆ ಬರೆದ ಚೀಟಿ ಕೊಟ್ಟೆ, ಓದಿ ಹುಬ್ಬೇರಿಸಿದ.

"ಈ ಅಳತೆ ಊರಲ್ಲಿ ಇರೋದೇ ಒಂದು ಗಾಡಿಗೆ. ಎಂಜಿನಿಯರ್ ಸಾಹೇಬ್ರ ಹಸಿರು ಗಾಡಿ. ನೀವು ಹೊಸ ಡ್ರೈವರಾ?"

"ಗಂಡ."

"ಯಾರ ಗಂಡ?"

"ಆ ಮನೆಯೊಡತಿಯ ಗಂಡ."

ಅವನು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಅವನ ಕಣ್ಣಲ್ಲಿ ಒಂದು ಮಾತು ಹಾದುಹೋಯಿತು. ಆ ಮಾತು ನನಗೆ ಚೆನ್ನಾಗಿ ಗೊತ್ತು, ದಿನಾ ನಾನೇ ನನಗೆ ಹೇಳಿಕೊಳ್ಳುವ ಮಾತು: ಸ್ಟೆಪ್ನಿ.

"ಸಾಹೇಬ್ರು ಬಂದ್ರೆ ಒಂದೇ ಮಾತು" ಎಂದು ಒಂದು ಟೈರಿನ ಮೇಲೆ ಕೈ ಬಡಿದ. "ತಿರುವಲ್ಲಿ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಗ್ಬೇಕು ಅನ್ನೋರು. ಈ ಕಂಪನಿ ಬಿಟ್ಟು ಬೇರೆ ಮುಟ್ತಿರಲಿಲ್ಲ. ಸ್ವಲ್ಪ ಗಟ್ಟಿ, ಆದ್ರೆ ರಸ್ತೆನ ಉಡದ ಹಾಗೆ ಕಚ್ಚುತ್ತೆ. ಇದನ್ನೇ ಕಟ್ಟಿಬಿಡ್ಲಾ?"

"ಅದೊಂದನ್ನು ಬಿಟ್ಟು ಯಾವುದನ್ನಾದರೂ ತೋರಿಸಿ."

"ಯಾಕೆ ಸ್ವಾಮಿ?"

ಯಾಕೆ ಎಂದು ಹೇಳಲಿ? ಮೆತ್ತನೆಯದು ಒಂದು ತೋರಿಸಿದ, ಸದ್ದು ಕಡಿಮೆಯದು ಒಂದು ತೋರಿಸಿದ, ಮಳೆಯಲ್ಲಿ ಹಿಡಿತ ಚೆನ್ನಾಗಿರುವುದು ಒಂದು ತೋರಿಸಿದ. ಈ ಗಾಡಿ ಭಾರ, ಭಾರ ಹೊರುವ ಅಂಕಿ ಕಡಿಮೆಯಿದ್ದದ್ದನ್ನು ಹಾಕಬಾರದು ಎಂದ. ಎಲ್ಲ ಕಪ್ಪು, ಎಲ್ಲ ದುಂಡು. ನನಗೆ ಒಂದೂ ಗೊತ್ತಾಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಯೋಚಿಸಿ ಹೇಳುತ್ತೇನೆಂದು ನಿರ್ಗಮಿಸಿದೆ. ನಿರ್ಗಮನ ಮಾತ್ರ ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಮಾರ್ಚ್ ೮, ಶನಿವಾರ

ಕೆಲಸದಲ್ಲಿ ಎಡವಟ್ಟು. ನಿಂತಿದ್ದ ಬಸ್ಸನ್ನು ಈಗಷ್ಟೇ ಹೊರಟಿತು ಎಂದು ಘೋಷಿಸಿದೆ. ಜನ ಬೈಯುತ್ತ ಓಡಿದರು, ಬಸ್ಸು ಅಲ್ಲೇ ಇತ್ತು. ತಲೆಯಲ್ಲಿ ಉಡ ಕಚ್ಚಿಕೊಂಡಿದೆ.

ಹೆಂಡತಿಯದು ಔಷಧಿ ಅಂಗಡಿ. ತಾರೀಖು ನೋಡದೆ ಅವಳು ಬಿಸ್ಕತ್ತನ್ನೂ ಬಾಯಿಗಿಡುವವಳಲ್ಲ. ಇಂದು ಹೇಳಿದಳು: "ಟೈರಿಗೂ ತಾರೀಖು ಇರುತ್ತೆ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. ಮೊದಲೆರಡು ವಾರ, ಕೊನೇ ಎರಡು ವರ್ಷ. ಹಳೇ ಮಾಲು ಕಟ್ಟಿಬಿಡ್ತಾರೆ, ನೋಡಿ ತಗೊಳ್ಳಿ."

ಅವಳಿಗೆ ಇದು ಹೇಗೆ ಗೊತ್ತು? ಇನ್ನು ಹೇಗೆ. ‘ಅವರು’ ಹೇಳಿಕೊಟ್ಟಿರುತ್ತಾರೆ.

ಮಾರ್ಚ್ ೯, ಭಾನುವಾರ

ಸತ್ಯ ಇಂದು ಗ್ಯಾರೇಜಿನಲ್ಲಿ ನನ್ನೆದುರು ಪ್ರತ್ಯಕ್ಷವಾಯಿತು.

ಅಂಗಡಿಯವನೆದುರು ಪೆದ್ದನಾಗಬಾರದೆಂದು, ತಾರೀಖು ಓದುವುದನ್ನು ಹಳೆಯ ಟೈರಿನ ಮೇಲೇ ಅಭ್ಯಾಸ ಮಾಡೋಣ ಎಂದು ಹೋದೆ. ನಾಟಕದವನಿಗೆ ತಾಲೀಮು ಮುಖ್ಯ. ಒದ್ದೆ ಬಟ್ಟೆಯಿಂದ ಧೂಳು ಒರೆಸಿದೆ. ಮೊದಲ ಟೈರಿನ ಕೊನೆಯ ಎರಡು ಅಂಕಿ ಹದಿನೆಂಟು. ಎರಡನೆಯದೂ ಹದಿನೆಂಟು. ನಾಲ್ಕೂ ಹದಿನೆಂಟು.

ಆ ಪುಣ್ಯಾತ್ಮ ತೀರಿಕೊಂಡದ್ದು ಎರಡು ಸಾವಿರದ ಹದಿನೇಳರಲ್ಲಿ. ನಡುಮನೆಯ ಫೋಟೋದ ಕೆಳಗೆ ಬರೆದಿದೆ. ದಿನಾ ಊಟಕ್ಕೆ ಕೂತಾಗ ನನ್ನ ಎದುರಿಗೇ ಇರುವ ಫೋಟೋ.

ಡಿಕ್ಕಿ ತೆರೆದೆ. ಸ್ಟೆಪ್ನಿ ಹೊರಗೆಳೆದೆ. ಅದರ ಮೇಲೆ ಹದಿನಾರು. ಅಂಗಡಿಯವನು ಕೈ ಬಡಿದು ತೋರಿಸಿದ ಕಂಪನಿಯ ಹೆಸರು ಅದರ ಮೇಲಿದೆ. ಓಡುತ್ತಿರುವ ನಾಲ್ಕರ ಮೇಲೆ ಬೇರೆಯೇ ಹೆಸರು. ಅಂದರೆ ಸತ್ತ ಮೇಲೆ ತಯಾರಾದ ಟೈರನ್ನು ಸತ್ತವನು ಬಂದು ಆರಿಸಿ ಹಾಕಿಸಿ ಹೋದನೇ? ಇಂಥ ಪ್ರವೇಶ ನನ್ನಪ್ಪನ ಕಂಪನಿಯ ಯಾವ ನಾಟಕದಲ್ಲೂ ಇರಲಿಲ್ಲ.

ಎರಡು ವರ್ಷ ನಾನು ಯಾವುದರ ಮೇಲೆ ಹೊಟ್ಟೆ ಉರಿದುಕೊಂಡೆನೋ ಆ ಟೈರನ್ನು ಅವನು ಕಣ್ಣಿಂದಲೂ ನೋಡಿಲ್ಲ. ಅವನದಾಗಿ ಉಳಿದಿರುವುದು ಕತ್ತಲಲ್ಲಿ ಮಲಗಿರುವ ಆ ಒಂದು ಸ್ಟೆಪ್ನಿ. ಈಗ ಯಾರಪ್ಪಾ ಸ್ಟೆಪ್ನಿ, ಎಂದು ಅದಕ್ಕೇ ಕೇಳಿದೆ.

ಮಧ್ಯಾಹ್ನದ ಊಟಕ್ಕೆ ಬೇಕಾದ ಸಂಭಾಷಣೆಯನ್ನು ಬಚ್ಚಲಲ್ಲಿ ಸಿದ್ಧಪಡಿಸಿಕೊಂಡೆ. ‘ತಾಯಿ, ತಾವು ಎಂಟು ವರ್ಷಗಳಿಂದ ಯಾವ ಟೈರನ್ನು ಮಗನ ನೆನಪೆಂದು ಪೂಜಿಸುತ್ತಿರುವಿರೋ...’ ಎಂದು ಮೆಲ್ಲಗೆ ಎತ್ತಿಕೊಂಡು, ‘ಹದಿನೆಂಟು’ ಎಂಬಲ್ಲಿ ದನಿಯನ್ನು ಸಿಡಿಲಿನಂತೆ ಬಿಡುವುದು. ಆಮೇಲೆ ಮೌನ. ಆಮೇಲೆ ನಾನು ಕೈತೊಳೆಯಲು ಏಳುವುದು. ಎಲ್ಲ ಲೆಕ್ಕವಾಗಿತ್ತು.

ಊಟಕ್ಕೆ ಕೂತೆವು. ರಾಜಮಾತೆ ತಟ್ಟೆಯ ಅಂಚನ್ನು ಬೆರಳಲ್ಲಿ ತಡಕಿ ಹಿಡಿದುಕೊಂಡು, ಕೇಳದೆಯೇ ನನಗೆ ರಂಗ ಸಜ್ಜು ಮಾಡಿಕೊಟ್ಟರು.

"ಹೋದವನು ಹೋದ. ಆದ್ರೆ ಅವನು ಹಾಕಿಸಿದ ಟೈರು ಇವತ್ತಿಗೂ ನನ್ನನ್ನ ಹೊತ್ಕೊಂಡು ತಿರುಗ್ತಿದೆ. ಅವರಿಗೆ ಹೇಳಮ್ಮ, ಅಂಗಡಿ ಅಂಗಡಿ ಅಲೀಬೇಡಿ ಅಂತ."

ನಾನು ಉಸಿರು ತುಂಬಿಕೊಂಡೆ. ಆಗ ಹೆಂಡತಿಯ ಕೈಯಲ್ಲಿದ್ದ ಸೌಟು ನಡುದಾರಿಯಲ್ಲಿ ನಿಂತಿತು. ಅವಳು ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನ್ನ ಅಂಗೈಯಲ್ಲಿ ಟೈರಿನ ಕರಿ ಇನ್ನೂ ಇತ್ತು. ಅವಳು ಅದನ್ನೂ ನೋಡಿದಳು.

"ಏನೋ ಹೇಳೋಕೆ ಹೊರಟ್ರಿ?" ಎಂದಳು.

"ಉಪ್ಪು ಕೊಡು" ಎಂದೆ.

ಹೆದರಿ ಸುಮ್ಮನಾದದ್ದಲ್ಲ. ನಟನಿಗೆ ಸಮಯಪ್ರಜ್ಞೆ ಬೇಕು. ಊಟದ ನಡುವೆ ಇಂಥ ಮಾತು ಏರುವುದಿಲ್ಲ. ಬ್ರಹ್ಮಾಸ್ತ್ರ ಬತ್ತಳಿಕೆಯಲ್ಲಿದೆ, ಇರಲಿ.

ಮಾರ್ಚ್ ೧೧, ಮಂಗಳವಾರ

ಅವಳ ಅಂಗಡಿಗೇ ಹೋದೆ. ಗಿರಾಕಿ ಇರಲಿಲ್ಲ. ಮಾತ್ರೆಯ ಪಟ್ಟಿಗಳನ್ನು ತಿರುಗಿಸಿ ತಿರುಗಿಸಿ ತಾರೀಖು ನೋಡುತ್ತ, ಮುಗಿದವನ್ನು ಒಂದು ಡಬ್ಬಕ್ಕೆ ಹಾಕುತ್ತಿದ್ದಳು.

"ಹದಿನೆಂಟು" ಎಂದೆ. ಸಿಡಿಲಿನ ದನಿಯಲ್ಲಲ್ಲ.

"ನಿಮಗೆ ಗೊತ್ತಾಯ್ತು ಅಂತ ನನಗೆ ಭಾನುವಾರವೇ ಗೊತ್ತಾಯ್ತು" ಎಂದಳು. "ನಾನೇ ಹಾಕಿಸಿದ್ದು. ಅತ್ತೆ ಅವರ ತಂಗಿ ಮನೆಗೆ ಹೋಗಿದ್ದಾಗ ಬೇರೆ ಊರಿಗೆ ತಗೊಂಡುಹೋಗಿ ಹಾಕಿಸಿದೆ. ಇಲ್ಲಿ ಹಾಕಿಸಿದ್ರೆ ಅಂಗಡಿಯವನು ಊರಿಗೆಲ್ಲ ಹೇಳ್ತಾನೆ."

"ಯಾಕೆ ಹಾಕಿಸಿದೆ?"

"ಅವರ ಟೈರಲ್ಲಿ ಕೂತ್ರೆ ಗುಂಡಿ ಬಿದ್ದಾಗ ಹಲ್ಲು ಅಲ್ಲಾಡ್ತಿತ್ತು. ಬದುಕಿದ್ದಾಗ ಎಷ್ಟು ಸಲ ಹೇಳಿದ್ದೆ, ಕೇಳಲಿಲ್ಲ. ತಿರುವು, ತಿರುವು ಅನ್ನೋರು. ನಮ್ಮ ಮನೆಯಿಂದ ಅಂಗಡಿಗೆ ಎಷ್ಟು ತಿರುವಿದೆ ಹೇಳಿ. ಸವೆದಿದ್ವು, ನನಗೆ ಬೇಕಾದ್ದು ಹಾಕಿಸ್ದೆ."

"ಅತ್ತೆಗೆ ಹೇಳಬಹುದಿತ್ತಲ್ಲ."

"ಹೇಳ್ಬೇಕು ಅಂತಲೇ ಇದ್ದೆ. ಅವರು ಬಂದವರೇ ಕಾರಲ್ಲಿ ಕೂತು, ನನ್ನ ಮಗ ಹಾಕಿಸಿದ ಟೈರು ನೋಡು ಹೇಗೆ ಹೋಗುತ್ತೆ ಅಂದ್ರು. ಅಲ್ಲ ಅತ್ತೆ ಅನ್ನೋಕೆ ನಾಲಿಗೆ ಏಳಲಿಲ್ಲ ಕಣ್ರೀ."

ಒಬ್ಬ ಹೆಂಗಸು ಕೆಮ್ಮಿನ ಔಷಧಿಗೆ ಬಂದಳು. ನಾನು ಪಕ್ಕಕ್ಕೆ ಸರಿದು ನಿಂತೆ.

ಉರಿ ಆರಿತು ಎಂದುಕೊಂಡು ಅಂಗಡಿ ಮೆಟ್ಟಿಲಿಳಿದೆ. ಬೀದಿ ದಾಟುವಷ್ಟರಲ್ಲಿ ಹೊಸದಾಗಿ ಹತ್ತಿಕೊಂಡಿತು. ಏಳು ವರ್ಷ ಒಂದು ಸುಳ್ಳನ್ನು ಮಗುವಿನ ಹಾಗೆ ಸೆರಗಲ್ಲಿ ಮುಚ್ಚಿಕೊಂಡು ಸಾಕಿದ್ದಾಳೆ. ನನಗಾಗಿ ಒಂದು ಸುಳ್ಳನ್ನು ಏಳು ದಿನವಾದರೂ ಸಾಕುತ್ತಾಳೆಯೇ?

ಮಾರ್ಚ್ ೧೫, ಶನಿವಾರ

ಅಂಕದ ಪರದೆ ಎತ್ತಿದೆ. ಕಾರನ್ನೇ ತೆಗೆದುಕೊಂಡು ಹೋದೆ.

ಟೈರಿನ ಸಿಂಹಾಸನದಿಂದ ಅವನು ಈ ಸಲ ಎದ್ದು ಬಂದ; ಕಾರಿನ ಮರ್ಯಾದೆಗೆ. ಸುತ್ತ ನೋಡಿ, ಓಡುತ್ತಿದ್ದ ಟೈರಿನ ಹೆಸರು ಓದಿ, "ಇದನ್ನ ಯಾರು ಹಾಕಿದ್ದು? ಸಾಹೇಬ್ರು ಇದನ್ನ ಮುಟ್ಟೋರಲ್ಲ" ಎಂದ.

"ಗೊತ್ತಿಲ್ಲ" ಎಂದೆ. ಯಾಕೆ ಹಾಗೆಂದೆನೋ. ಅವನಿಗೇಕೆ ನಮ್ಮ ಮನೆಯ ಸುದ್ದಿ.

ನನ್ನಾಕೆ ಹಾಕಿಸಿದ ಕಂಪನಿಯದೇ ಇದೆಯೇ ಎಂದು ಕೇಳಿದೆ. ಇತ್ತು. ಒಳಗಿನಿಂದ ಉರುಳಿಸಿಕೊಂಡು ಬಂದ. ಬಾಗಿ ತಾರೀಖು ಓದಿದೆ. ಮೂರು ವರ್ಷ ಹಿಂದಿನದು.

"ಇದು ಹಳೇದು."

"ರಬ್ಬರು ಸ್ವಾಮಿ ಇದು, ಹಾಲಲ್ಲ ಒಡೆಯೋಕೆ."

"ನನ್ನ ಹೆಂಡತಿ ಔಷಧಿ ಅಂಗಡಿಯವಳು. ಇದನ್ನು ಹಾಕಿಸಿಕೊಂಡು ಹೋದರೆ ಟೈರಿನ ಜೊತೆ ನನ್ನನ್ನೂ ಡಬ್ಬಕ್ಕೆ ಹಾಕುತ್ತಾಳೆ."

ಅವನು ನಕ್ಕ. ನಕ್ಕ ಮೇಲೆ ಮನುಷ್ಯ ಸ್ವಲ್ಪ ಹಗುರಾದ. ಎಂಜಿನಿಯರನ ಕಂಪನಿಯದು ಹೊಸ ಮಾಲು ಇತ್ತು, ಹಲ್ಲು ಅಲ್ಲಾಡಿಸುವುದು. ಸದ್ದು ಕಡಿಮೆಯದಕ್ಕೆ ಭಾರ ಹೊರುವ ಅಂಕಿ ಸಾಲದು. ಉಳಿದದ್ದು ಮಳೆಯಲ್ಲಿ ಹಿಡಿಯುವುದು. ಈ ವರ್ಷದ್ದು. ಮೆತ್ತಗೆ ಇದೆಯೇ ಎಂದೆ, ಮಧ್ಯಮ ಎಂದ. ತಿರುವಲ್ಲಿ ಎಂದೆ, ಮಧ್ಯಮ ಎಂದ. ಬ್ರೇಕು ಎಂದೆ. ಒದ್ದೆ ರಸ್ತೆಯಲ್ಲಿ ಇದನ್ನು ಮೀರಿಸಿದ್ದು ತನ್ನ ಅಂಗಡಿಯಲ್ಲಿಲ್ಲ ಎಂದ. ಬೆಟ್ಟದ ಮೇಲೆ ಮೋಡ ಕಟ್ಟುತ್ತಿರುವುದು ನಾಲ್ಕು ದಿನದಿಂದ ಕಾಣುತ್ತಿದೆ. ಹಿಂದಿನ ಸೀಟಿನಲ್ಲಿ ಕಣ್ಣು ಕಾಣದ ಮುದುಕಿ. ಅದನ್ನೇ ಹಾಕಿಸಿದೆ.

ಜಾಕಿನ ಮೇಲೆ ಐರಾವತ ನಾಲ್ಕೂ ಕಾಲೆತ್ತಿ ನಿಂತಿತು. ಹಳೆಯ ಟೈರುಗಳು ಒಂದೊಂದಾಗಿ ಮೂಲೆಗೆ ಉರುಳಿದವು. "ಸ್ಟೆಪ್ನೀನೂ ಬಿಸಾಕಿ, ಎಲ್ಲಕ್ಕಿಂತ ಹಳೇದು ಅದೇ" ಎಂದ.

ಇದಕ್ಕಾಗಿಯೇ ಅಲ್ಲವೇ ನಾನು ಕಾದದ್ದು? ಹೊಸ ಸ್ಟೆಪ್ನಿ ಒಂದು ಹಾಕಿಸಿದೆ. ಎಂಜಿನಿಯರರ ಟೈರನ್ನು ಅಲ್ಲಿ ಬಿಡಲಿಲ್ಲ. ಡಿಕ್ಕಿಯಲ್ಲಿ ಒಂದು ಗೋಣಿಯ ಮೇಲೆ ಮಲಗಿಸಿಕೊಂಡು ಬಂದು ಗ್ಯಾರೇಜಿನಲ್ಲಿ ಒರಗಿಸಿಟ್ಟೆ. ಒಳ್ಳೆಯ ರಬ್ಬರು, ಯಾವುದಕ್ಕಾದರೂ ಬರುತ್ತದೆ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ರಾಜಮಾತೆ ಕೇಳಿಯೇಬಿಟ್ಟರು. "ಟೈರಿಗೆ ಏನು ಮಾಡಿಸ್ಕೊಂಡು ಬಂದ್ರಂತೆ ಕೇಳಮ್ಮ."

ಹೆಂಡತಿ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. "ತೊಳೆಸಿ ಗಾಳಿ ಹಾಕಿಸಿದೆ, ಅಷ್ಟೇ."

"ಅಷ್ಟೇ ತಾನೇ" ಎಂದರು. ಹೆಂಡತಿ ನನ್ನ ಲೋಟಕ್ಕೆ ಕೇಳದೆಯೇ ಇನ್ನೊಂದಿಷ್ಟು ಕಾಫಿ ಬಗ್ಗಿಸಿದಳು.

ಈ ಮನೆಯಲ್ಲಿ ನಾನು ಆರಿಸಿದ ಒಂದೇ ಒಂದು ವಸ್ತು, ಅದೂ ನನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ. ಬಣ್ಣ ಹಚ್ಚಿ, ಕಿರೀಟ ಧರಿಸಿ, ಪರದೆಯ ಹಿಂದೆ ನಿಂತು ಇನ್ನೊಬ್ಬನ ಬಾಯಿಗೆ ಹಾಡಿದ ಹಾಗೆ. ಚಪ್ಪಾಳೆ ಅವನಿಗೆ. ಅವನೋ ಫೋಟೋದಲ್ಲಿ ನಗುತ್ತಿದ್ದಾನೆ.

ಮಾರ್ಚ್ ೨೦, ಗುರುವಾರ, ಆಸ್ಪತ್ರೆಯ ಕೋಣೆ

ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಅಮ್ಮ ಮಲಗಿದ್ದಾರೆ, ಹೆಂಡತಿ ಕೆಳಗೆ ಔಷಧಿ ತರಲು ಹೋಗಿದ್ದಾಳೆ. ಅಂದರೆ ಅಲ್ಲಿ ತಾರೀಖಿನ ಬಗ್ಗೆ ಜಗಳವಾಡುತ್ತಿದ್ದಾಳೆ.

ಬೆಟ್ಟದ ನೆತ್ತಿಯಲ್ಲಿ ಮಳೆ ಹಿಡಿದುಕೊಂಡಿತು. ಒಂದು ತಿರುವು ಮುಗಿದೊಡನೆ ಎದುರಿಗೇ ಕೆಟ್ಟು ನಿಂತ ಲಾರಿ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಒಂದು ಕ್ಷಣ ನನ್ನ ಗಂಟಲೂ ಇರಲಿಲ್ಲ, ಅಪ್ಪನ ಕಂಪನಿಯೂ ಇರಲಿಲ್ಲ, ನೀರಿನ ಮೇಲೆ ನಾಲ್ಕು ಟೈರು ಮಾತ್ರ. ಗಾಡಿ ಅತ್ತಿತ್ತ ಹೊರಳದೆ ನೆಟ್ಟಗೆ ಹೋಗಿ, ಲಾರಿಯ ಹಿಂದೆ ಬರೆದ ಅಕ್ಷರಗಳನ್ನು ನಿಧಾನವಾಗಿ ಓದಬಹುದಾದಷ್ಟು ದೂರದಲ್ಲಿ ನಿಂತಿತು.

ಹಿಂದಿನಿಂದ ಅಮ್ಮ ಹೇಳಿದರು. "ನೋಡಿದ್ರಾ. ನನ್ನ ಮಗ ಹಾಕಿಸಿದ ಟೈರು."

ನನಗೆ ಹೇಳಿದ್ದು. ದುಭಾಷಿ ಇಲ್ಲದೆ.

ಅವರ ಪ್ರಾಣ ಉಳಿಸಿದ್ದು ನನ್ನ ಟೈರು, ನನ್ನ ಕಾಲು, ನನ್ನ ಆಯ್ಕೆ. ಬ್ರಹ್ಮಾಸ್ತ್ರ ನಾಲಿಗೆಯ ತುದಿಗೆ ಬಂತು. ಕನ್ನಡಿಯಲ್ಲಿ ನೋಡಿದೆ. ಅವರು ಸೀಟಿನ ಚರ್ಮವನ್ನು ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದರು.

"ಹೌದಮ್ಮ" ಎಂದೆ.

ಮಾರ್ಚ್ ೨೨, ಶನಿವಾರ

ಮನೆಗೆ ಬಂದು ಮುಟ್ಟಿದೆವು. ಇಂದು ನನಗಾದ ಅವಮಾನವನ್ನು ಬರೆದಿಡಲೇಬೇಕು.

ಪಟ್ಟಿ ತೆಗೆದಾಗಿನಿಂದ ಅಮ್ಮ ಕಂಡದ್ದಕ್ಕೆಲ್ಲ ಒಂದೊಂದು ಮಾತು ಹೇಳುತ್ತಿದ್ದಾರೆ. ಡಾಕ್ಟರಿಗೆ ಅಂಗಿ ಇಸ್ತ್ರಿ ಇಲ್ಲ. ಸೊಸೆಗೆ ಕೂದಲು ನೆರೆತಿದೆ. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು ನೋಡಿ, "ಇಷ್ಟು ವಯಸ್ಸಾಗಿದೆಯಾ? ದನಿ ಕೇಳಿ ಇನ್ನೂ ಹುಡುಗ ಅಂದ್ಕೊಂಡಿದ್ದೆ" ಎಂದರು. ಇದನ್ನೂ ಸಹಿಸಿದೆ.

ಆಸ್ಪತ್ರೆಯ ಅಂಗಳದಲ್ಲಿ ಕಾರು ಹತ್ತುವ ಮೊದಲು ಒಂದು ಸುತ್ತು ಬಂದರು. ಬಾನೆಟ್ಟು ಸವರಿದರು. ಆಮೇಲೆ ಸೊಂಟ ಹಿಡಿದುಕೊಂಡು ಬಾಗಿ, ಮುಂದಿನ ಟೈರನ್ನು ಒಂದೇ ಕಣ್ಣಲ್ಲಿ ನೋಡಿದರು. ಬೆರಳಿಂದ ತಿಕ್ಕಿದರು. ಹೊಸ ರಬ್ಬರಿನ ಪುಟ್ಟ ಪುಟ್ಟ ಕೂದಲು ಇನ್ನೂ ಉದುರಿರಲಿಲ್ಲ.

ನಾನೂ ಹೆಂಡತಿಯೂ ಸಿಕ್ಕಿಬಿದ್ದ ಕಳ್ಳರ ಹಾಗೆ ನಿಂತೆವು.

"ಇದನ್ನ ಆರಿಸಿದ್ದು ಯಾರು?"

"ನಾನು" ಎಂದೆ. ಒಂದೇ ಪದ. ಅದೂ ಕೀರಲಾಗಿ ಬಂತು.

"ಹೂಂ. ಹೋದ ಸಲ ಇವಳು, ಈ ಸಲ ನೀನು."

ಹೆಂಡತಿಯ ಕೈಯಿಂದ ಔಷಧಿ ಚೀಲ ಜಾರಿತು. "ಅತ್ತೆ, ನಿಮಗೆ ಗೊತ್ತಿತ್ತಾ?"

"ಹೋಗಿದ್ದು ಕಣ್ಣು ಕಣಮ್ಮ, ಬೆನ್ನಲ್ಲ. ನನ್ನ ಮಗನ ಟೈರಲ್ಲಿ ಕೂತ್ರೆ ದಾರೀಲಿರೋ ಒಂದೊಂದು ಕಲ್ಲೂ ಬೆನ್ನಿಗೆ ಗೊತ್ತಾಗ್ತಿತ್ತು. ತಂಗಿ ಮನೆಯಿಂದ ಬಂದು ಕೂತ್ಕೋತೀನಿ, ಹಾಸಿಗೆ ಮೇಲೆ ಕೂತ ಹಾಗಿದೆ. ಅವತ್ತೇ ಗೊತ್ತಾಯ್ತು."

"ಮತ್ತೆ ಮಗ ಹಾಕಿಸಿದ್ದು, ಮಗ ಹಾಕಿಸಿದ್ದು ಅಂತ..."

ಅಮ್ಮ ಕಾರಿನ ಬಾಗಿಲು ಹಿಡಿದುಕೊಂಡರು.

"ಇನ್ಯಾವ ನೆಪದಲ್ಲಿ ಅವನ ಹೆಸರೆತ್ತಲಿ? ಸುಮ್ನೆ ಕೂತು ನನ್ನ ಮಗ ಅಂದ್ರೆ ನೀವಿಬ್ರೂ ತಲೆ ತಗ್ಗಿಸ್ತೀರಿ. ಟೈರು ಅಂದ್ರೆ ನಾಲ್ಕು ಮಾತು ಮುಂದೆ ಹೋಗುತ್ತೆ."

ಹೆಂಡತಿ ಚೀಲ ಎತ್ತಿಕೊಳ್ಳಲು ಬಗ್ಗಿದವಳು ಬೇಗ ಏಳಲಿಲ್ಲ. ನಾನು ಬಾಗಿಲು ತೆರೆದು ಅಮ್ಮನನ್ನು ಕೂರಿಸಿದೆ.

ದಾರಿಯಲ್ಲಿ ನಾನೇ ಕೇಳಿದೆ, ಅವರು ಈ ಬೆಟ್ಟದಲ್ಲಿ ಹೇಗೆ ಓಡಿಸುತ್ತಿದ್ದರು ಎಂದು. ಅಮ್ಮ ಕೆಳಗಿನ ಊರು ಬರುವ ತನಕ ಹೇಳಿದರು. ತಿರುವಿನಲ್ಲಿ ಹಾರ್ನು ಮಾಡದೆ ಹಾಡು ಹೇಳುತ್ತಿದ್ದರಂತೆ, ಅಪಸ್ವರದಲ್ಲಿ. ಹೆಂಡತಿ ನಕ್ಕಳು. ಆ ನಗು ನಾನು ಹಿಂದೆ ಕೇಳಿರಲಿಲ್ಲ. ಅದಕ್ಕೂ ಸ್ವಲ್ಪ ಉರಿಯಿತು.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ತಡೆಯಲಾರದೆ ಕೇಳಿಬಿಟ್ಟೆ: "ಹಾಗಾದರೆ ಅಮ್ಮ, ಮೂರರಲ್ಲಿ ಯಾವ ಟೈರು ಒಳ್ಳೆಯದು?"

ಯೋಚಿಸಿದರು. ಬೆನ್ನನ್ನು ಸೀಟಿಗೆ ಒತ್ತಿ ಪರೀಕ್ಷಿಸಿದರು.

"ತಿರುವಲ್ಲಿ ನನ್ನ ಮಗನದು. ಕೂರೋಕೆ ಇವಳದು, ಅದನ್ನ ಮೀರಿಸೋದು ಇಲ್ಲ. ನಿಂದು ಪರವಾಗಿಲ್ಲ. ಬ್ರೇಕು ಹಿಡಿಯುತ್ತೆ."

ಪರವಾಗಿಲ್ಲ. ನಿಂದು. ಎರಡು ವರ್ಷ ಬಹುವಚನದಲ್ಲಿದ್ದವನನ್ನು ಒಂದೇ ದಿನದಲ್ಲಿ ಏಕವಚನಕ್ಕೆ ಇಳಿಸಿ, ಮೇಲೆ ಪರವಾಗಿಲ್ಲ ಎಂಬ ಪದಕ. ತಿರುವಿನ ಮಾತು ಬಿಡಿ, ನಮ್ಮ ಎಂಜಿನಿಯರು ಸೇತುವೆ ಕಟ್ಟಿದವರು, ರಸ್ತೆಯ ಮರ್ಮ ಅವರಿಗೆ ಗೊತ್ತಿರುತ್ತದೆ. ಅವರೆದುರು ಸೋತರೆ ನನಗೆ ನಾಚಿಕೆಯಿಲ್ಲ. ಆದರೆ ಇವಳು? ಮಾತ್ರೆ ಮಾರುವ ಇವಳು? ಊರು ತಲುಪುವವರೆಗೆ ಪಕ್ಕದ ಸೀಟಿನಲ್ಲಿ ಕಿತ್ತಳೆ ಸುಲಿದು, ಒಂದೊಂದೇ ತೊಳೆ ನನ್ನ ಬಾಯಿಗೆ ಹಾಕುತ್ತ, ಗೆದ್ದ ರಾಣಿಯ ಹಾಗೆ ಗುನುಗುತ್ತಿದ್ದಳು. ಕಿತ್ತಳೆ ಸಿಹಿಯಾಗಿತ್ತು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಗಾಳಿ ಅಳೆದು ನೋಡಿದೆ. ಅಂಗಡಿಯವನು ಇರಬೇಕಾದ್ದಕ್ಕಿಂತ ಹೆಚ್ಚೇ ತುಂಬಿದ್ದಾನೆ, ಅದಕ್ಕೇ ಗಟ್ಟಿ. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟಕ್ಕೆ ಇಳಿಸಿದರೆ ಬೆಣ್ಣೆಯಾಗುತ್ತದೆ. ನಾಳೆ ಇವಳು ಏಳುವ ಮೊದಲು ಇಳಿಸಿ, ಅಮ್ಮನನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹೊಡೆಸುತ್ತೇನೆ. ಯಾರು ಮೆತ್ತಗೆ ಎಂದು ಆ ಬೆನ್ನೇ ತೀರ್ಪು ಕೊಡಲಿ.